ಹದಿಮೂರು ಗೆರೆ

ಮಡಕೆ ಮಾಡುವ ತರಗತಿ ಭರ್ತಿಯಾಗಿತ್ತು.
ಗ್ರಂಥಾಲಯದ ಕೌಂಟರಿನಾಕೆ ಪಟ್ಟಿಯ ಮೇಲೆ ಬೆರಳಾಡಿಸಿ
'ಗುರುವಾರ ಸಂಜೆ ಚೀನೀ ಬರವಣಿಗೆ ಇದೆ,
ಎರಡು ಜಾಗ ಖಾಲಿ, ಚಹಾ ಉಚಿತ' ಅಂದಳು.
ಹೀಗೆ, ಚಹಾದ ಆಸೆಗೆ, ನಾನು ಬಂದು ಕೂತದ್ದು
ಬೆಂಡಿಗೋದ ಈ ಸ್ಕೌಟ್ ಹಾಲಿನಲ್ಲಿ,
ಹಗ್ಗದ ಗಂಟುಗಳ ಪಟದ ಕೆಳಗೆ.

ಕಲಿಸುವವರು ಶೂ ವೆನ್‌ಜಿಂಗ್. ಹಗಲೆಲ್ಲ ಔಷಧಿ ಅಂಗಡಿಯಲ್ಲಿ
ವೈದ್ಯರ ಕಾಗೆಕಾಲು ಗುಬ್ಬಿಕಾಲು ಓದಿ ದಣಿದು
ಸಂಜೆಗೆ ನಮ್ಮದನ್ನು ಓದುತ್ತಾರೆ.
ಮೊದಲ ದಿನ ಮಸಿ ಕೊಡಲಿಲ್ಲ.
ಒಬ್ಬೊಬ್ಬರಿಗೆ ಒಂದು ಬೂದುಬಟ್ಟೆ, ಒಂದು ಬಟ್ಟಲು ನೀರು.
ನೀರಲ್ಲಿ ಬರೆದರೆ ಕಪ್ಪಗೆ ಮೂಡುತ್ತದೆ,
ಆರಿದರೆ ಹೋಗುತ್ತದೆ.
ಎಂಜಲು ಹಚ್ಚಿ ಸ್ಲೇಟು ಒರೆಸಿ ಬೆಳೆದವಳಿಗೆ
ಇದು ಹೊಸದೇನಲ್ಲ. ಆದರೂ
ಮೂವತ್ತೊಂಬತ್ತು ಡಿಗ್ರಿಯ ಸೆಕೆಯಲ್ಲಿ
ಕಾಲು ಬರೆಯುವಷ್ಟರಲ್ಲಿ ತಲೆ ಮಾಯ.

ನನ್ನ ಕೈ ಹಟಮಾರಿ.
ನೆಟ್ಟಗೆ ಗೆರೆ ಎಳೆದರೂ ತುದಿ ದುಂಡಗಾಗುತ್ತದೆ,
ಯಾರೂ ಕೇಳದೆ ತಲಕಟ್ಟು ಸುತ್ತಿಕೊಳ್ಳುತ್ತದೆ.
'ನಿನ್ನ ಅಕ್ಷರಗಳೆಲ್ಲ ಹೊಟ್ಟೆ ತುಂಬ ಉಂಡಂತಿವೆ' ಎಂದರು ಶೂ.
ಹೌದು, ನಮ್ಮವು ಉಂಡೆಯ ಜಾತಿ, ಅಂದೆ.
ಉಂಡೆ ಅಂದರೇನೆಂದು ಹೇಳುವುದರಲ್ಲಿ ಹತ್ತು ನಿಮಿಷ ಹೋಯಿತು.
ಮುಂದಿನ ವಾರ ಡಬ್ಬಿ ತುಂಬ ಶೇಂಗಾ ಉಂಡೆ ತಂದು
ವಿವರಣೆ ಮುಗಿಸಿದೆ.

ಪಕ್ಕದ ಕುರ್ಚಿ ಟ್ರೆವರ್ ಆಲೂಯಿಯದು.
ಎಪ್ಪತ್ತೊಂದು. ಟ್ರಾಮ್ ಡಿಪೋದಲ್ಲಿ ಚಕ್ರ ತಿದ್ದಿ ಸವೆದ ಕೈ,
ಬಿಳಿ ಹುಬ್ಬು, ನೀಲಿ ಕಣ್ಣು.
ಮುತ್ತಜ್ಜ ಮಾತ್ರ ಚಿನ್ನ ಅಗೆಯಲು ಚೀನಾದಿಂದ ಬಂದವನು.
ಬಂದರಿನ ಗುಮಾಸ್ತ ಹೆಸರು ಕೇಳಿದ,
ಅವನು 'ಆ ಲೂಯಿ' ಅಂದ.
ಆ ಅನ್ನುವುದು ಬರೀ ಕರೆಯುವ ದನಿ, ನಾವು ಏ ಅಂದ ಹಾಗೆ;
ಗುಮಾಸ್ತ ಎರಡನ್ನೂ ಹೊಲಿದು ಮನೆತನ ಮಾಡಿದ.
ನಾಲ್ಕು ತಲೆಮಾರು ಹೀಗೇ ಬಂದಿದೆ
ಒಂದು 'ಏ' ಹೊತ್ತುಕೊಂಡು.

ಟ್ರೆವರ್‌ಗೆ ಬೇಕಾದದ್ದು ಭಾಷೆಯಲ್ಲ, ಒಂದೇ ಅಕ್ಷರ.
ವೈಟ್ ಹಿಲ್ಸ್ ಸ್ಮಶಾನದ ಕಲ್ಲಿಗೆ ಕಾಗದವೊತ್ತಿ
ಪೆನ್ಸಿಲಿನಿಂದ ಉಜ್ಜಿ ತಂದಿದ್ದ, ಪರ್ಸಿನಲ್ಲಿ ಮಡಿಚಿ.
ಶೂ ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದರು.
ಮೇಲೆ ಎಂಟು ಗೆರೆ ಮಳೆ,
ಕೆಳಗೆ ಐದು ಗೆರೆ ಹೊಲ,
ಕೂಡಿದರೆ ಗುಡುಗು.
'ಲೇಯ್ ಎಂದು ಓದಿ.'

ಟ್ರೆವರ್ ಮುಖ ಸಣ್ಣದಾಯಿತು. ಲೂಯಿ ಎಲ್ಲಿ ಹೋದ?
ನನಗೋ ನಗು ಒತ್ತಿ ಬಂತು, ಹಲ್ಲು ಕಚ್ಚಿದೆ:
ಏ ಬಿಡಿಸಿಕೊಳ್ಳಲು ಬಂದವನಿಗೆ
ಲೇಯ್ ಗಂಟುಬಿದ್ದಿದೆಯಲ್ಲ ಎಂದು
ಇಡೀ ಹಾಲಿನಲ್ಲಿ ಯಾರಿಗೆ ಹೇಳಲಿ?

ಆಗ ಅಡುಗೆಕೋಣೆಯ ಕಿಂಡಿಯಲ್ಲಿ ಚಹಾದ ಯೂಕ್‌ಲಾನ್.
ಎಂಬತ್ತಾರರ ಮುದುಕಿ, ತರಗತಿಗೆ ಎಂದೂ ಕೂತವಳಲ್ಲ.
'ಅದು ಬೀಜಿಂಗಿನವರ ಬಾಯಿ. ನಮ್ಮೂರ ಕಡೆ ಲೂಯಿ.
ಲೂಯಿ!' ಎಂದಳು, ಟವೆಲಿನಲ್ಲಿ ಕೈ ಒರೆಸುತ್ತ,
ಬೀದಿಯ ಆ ತುದಿಯ ಹುಡುಗನನ್ನು
ಊಟಕ್ಕೆ ಕರೆದಂತೆ.

ಶೂ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಬೋರ್ಡಿನ ಮೇಲಿನ ಓದನ್ನು ಅಳಿಸಲಿಲ್ಲ,
ಪಕ್ಕದಲ್ಲಿ ಇನ್ನೊಂದು ಬರೆದರು.

ಟ್ರೆವರ್ ಕುಂಚ ಅದ್ದಿದ.
ಹೊಲಕ್ಕೆ ಕೊನೆಯ ಬದು ಹಾಕುವ ಮೊದಲೇ
ಮೇಲಿನ ಮಳೆ ಆರಿಹೋಯಿತು.
ಮತ್ತೆ ಅದ್ದಿದ. ಮತ್ತೆ ಆರಿತು.
ಯಾರೋ ಎದ್ದು ಹೋಗಿ ಫ್ಯಾನ್ ನಿಲ್ಲಿಸಿದರು;
ನಾವೆಲ್ಲ ಬೆವರುತ್ತ ಕೂತೆವು,
ಒಂದು ಗುಡುಗು ಪೂರ್ತಿಯಾಗಲೆಂದು.

ಒಂಬತ್ತಕ್ಕೆ ಬೀಗ. ಹೊರಗೆ ಚುಕ್ಕಿಗಳು, ಮೋಡದ ಸುಳಿವಿಲ್ಲ.
ಕಾರಿನ ಬಳಿ ನಿಂತು ಅವನು
ಅಂಗೈಯ ಮೇಲೆ ಬೆರಳಲ್ಲಿ ಎಣಿಸುತ್ತಿದ್ದ,
ಹನ್ನೊಂದು, ಹನ್ನೆರಡು.
'ಲೂಯಿ' ಎಂದು ಕೂಗಿದೆ. ಹಿಂದೆ ಮುಂದೆ ಏನೂ ಹಚ್ಚದೆ.
ತಿರುಗಿದ.
'ಮುಂದಿನ ಗುರುವಾರವೂ ಉಂಡೆ ತರುತ್ತೀ ತಾನೇ?' ಎಂದ.